ಕರುಳಿನೊಳಗೆ ಗಾಳಿಯ ಸುಳಿವು

ಕೇಳುಗರಿಗೆ ನಮಸ್ಕಾರ.

ಕಾಫಿ ಹಣ್ಣು ಪಲ್ಪ್ ಮಾಡಿದ ಮೇಲೆ ಉಳಿಯುವ ಸಿಪ್ಪೆಯ ರಾಶಿಯನ್ನು ಕೆಲವು ದಿನ ಬಿಟ್ಟು ಮಗುಚಿದ್ದೀರಲ್ವಾ? ಮೇಲ್ಗಡೆ ಅಷ್ಟೇನೂ ವಾಸನೆ ಇರುವುದಿಲ್ಲ, ಅಡಿಯಿಂದ ಮಾತ್ರ ಹುಳಿ ನಾತ ಗಪ್ಪನೆ ಮೂಗಿಗೆ ಹೊಡೆಯುತ್ತದೆ. ಅಲ್ಲಿಗೆ ಗಾಳಿ ಹೋಗುವುದಿಲ್ಲ. ಗಾಳಿ ಇರುವ ಕಡೆ, ಇಲ್ಲದ ಕಡೆ, ಎರಡರಲ್ಲೂ ಬಾಳುವ ಬ್ಯಾಕ್ಟೀರಿಯಾಗಳಿವೆ. ಆಮ್ಲಜನಕ ಸಿಕ್ಕರೆ ಅದೇ ಸಕ್ಕರೆಯಿಂದ ಅವು ಎಷ್ಟೋ ಪಟ್ಟು ಜಾಸ್ತಿ ಶಕ್ತಿ ತೆಗೆದು ಬೇಗ ಬೆಳೆಯುತ್ತವೆ, ಸಿಗದಿದ್ದರೆ ಹುಳಿ ಬರಿಸಿಕೊಂಡು ನಿಧಾನವಾಗಿ ದಿನ ತಳ್ಳುತ್ತವೆ. ಕಣ್ಣಿಲ್ಲ, ಮೂಗಿಲ್ಲ, ಹಾಗಾದರೆ ಗಾಳಿ ಇದೆಯೋ ಇಲ್ಲವೋ ಅಂತ ಅವಕ್ಕೆ ತಿಳಿಯುವುದು ಹೇಗೆ?

ಮಳೆಗಾಲದಲ್ಲಿ ಕತ್ತಿಯನ್ನು ಜಗಲಿಯಲ್ಲಿ ಮರೆತರೆ ಬೆಳಗ್ಗೆ ತುಕ್ಕು ಹಿಡಿದಿರುತ್ತದೆ. ಕಬ್ಬಿಣಕ್ಕೂ ಆಮ್ಲಜನಕಕ್ಕೂ ಆಗಿಬರುವುದಿಲ್ಲ. ಬ್ಯಾಕ್ಟೀರಿಯಾ ಇದನ್ನೇ ಬಳಸಿಕೊಂಡಿದೆ. ಅದರೊಳಗೆ ಎಫ್‌ಎನ್‌ಆರ್ ಎಂಬ ಪ್ರೋಟೀನ್ ಇದೆ. 4 ಕಬ್ಬಿಣ, 4 ಗಂಧಕದ ಪರಮಾಣುಗಳು ಅದರಲ್ಲಿ ಒಂದು ಗಂಟಾಗಿ ಕೂತಿವೆ. ಗಂಟು ಗಟ್ಟಿಯಾಗಿರುವವರೆಗೆ ಈ ಪ್ರೋಟೀನ್ ಜೋಡಿಯಾಗಿ ಡಿಎನ್‌ಎ ಹಿಡಿದುಕೊಂಡು ಕೆಲವು ಜೀನ್‌ಗಳನ್ನು ನಡೆಸುತ್ತದೆ, ಕೆಲವನ್ನು ತಡೆಯುತ್ತದೆ. ಆಮ್ಲಜನಕ ತಾಗಿತೋ, ಗಂಟು ಒಡೆಯುತ್ತದೆ, ಜೋಡಿ ಬಿಡಿಬಿಡಿಯಾಗುತ್ತದೆ, ಡಿಎನ್‌ಎ ಮೇಲಿನ ಹಿಡಿತ ಹೋಗುತ್ತದೆ.

ಇದರಿಂದ ನಮಗೇನು ಅಂತ ಕೇಳಬಹುದು. ಶಿಗೆಲ್ಲ ನೋಡಿ. ರಕ್ತ ಬೀಳುವ ಭೇದಿ ತರುವ ಇದನ್ನು 1897ರಲ್ಲಿ ಜಪಾನಿನ ಕಿಯೋಶಿ ಶಿಗಾ ಗುರುತಿಸಿದರು. ಬರೀ 10ರಿಂದ 100 ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದರೂ ಸಾಕು, ಕಾಯಿಲೆ ಬರಬಹುದು. ಕರುಳಿನ ನಡುವೆ ಆಮ್ಲಜನಕ ಇಲ್ಲವೆಂದೇ ಹೇಳಬೇಕು. ಅಲ್ಲಿ ಶಿಗೆಲ್ಲ ತನ್ನ ಮೈಮೇಲೆ ಸೂಜಿಯಂಥ ಕೊಳವೆಗಳನ್ನು ಉದ್ದಕ್ಕೆ ಬೆಳೆಸುತ್ತದೆ, ಆದರೆ ಅದರಿಂದ ಏನನ್ನೂ ಚುಚ್ಚುವುದಿಲ್ಲ, ಎಫ್‌ಎನ್‌ಆರ್ ಬಿಡುವುದಿಲ್ಲ. ಕೋವಿಗೆ ತೋಟಾ ತುಂಬಿ ಹೊಂಚು ಹಾಕಿದ ಹಾಗೆ. ಕರುಳಿನ ಗೋಡೆಯ ಹತ್ತಿರ ಮಾತ್ರ ರಕ್ತನಾಳಗಳಿಂದ ಒಂಚೂರು ಆಮ್ಲಜನಕ ಒಸರುತ್ತಿರುತ್ತದೆ. ಅದು ತಾಗಿದ ಕೂಡಲೇ ತಡೆ ಬಿಟ್ಟುಹೋಗಿ, ಸೂಜಿಯಿಂದ ಪ್ರೋಟೀನ್‌ಗಳು ನಮ್ಮ ಜೀವಕೋಶಕ್ಕೆ ನುಗ್ಗುತ್ತವೆ. ಲಂಡನ್ ಮತ್ತು ಪ್ಯಾರಿಸ್‌ನ ವಿಜ್ಞಾನಿಗಳು 2010ರಲ್ಲಿ ಇದನ್ನು ತೋರಿಸಿಕೊಟ್ಟರು. ನನಗಂತೂ ಓದಿದಾಗ ಮೈ ಜುಂ ಅಂದಿತು. ನಮ್ಮನ್ನು ಬದುಕಿಸುವ ಆಮ್ಲಜನಕವೇ ಅದಕ್ಕೆ ಗೋಡೆ ಎಲ್ಲಿದೆ ಅಂತ ಹೇಳಿಕೊಡುತ್ತದೆ!

ಕ್ಷಯದ ಬ್ಯಾಕ್ಟೀರಿಯಾದ ದಾರಿ ಬೇರೆ. ಶ್ವಾಸಕೋಶದಲ್ಲಿ ನಮ್ಮ ದೇಹ ಅದರ ಸುತ್ತ ಜೀವಕೋಶಗಳ ಗೋಡೆ ಕಟ್ಟುತ್ತದೆ. ಒಳಗೆ ಆಮ್ಲಜನಕ ಕಡಿಮೆಯಾದಾಗ ಡಾಸ್‌ಆರ್ ಎಂಬ ಪ್ರೋಟೀನ್ ಸುಮಾರು 48 ಜೀನ್‌ಗಳನ್ನು ಎಬ್ಬಿಸುತ್ತದೆ, ಬ್ಯಾಕ್ಟೀರಿಯಾ ಬೆಳೆಯುವುದನ್ನು ನಿಲ್ಲಿಸಿ ಮಲಗಿಬಿಡುತ್ತದೆ. ಬೆಳೆಯುತ್ತಿರುವುದನ್ನು ಕೊಲ್ಲುವಷ್ಟು ಸುಲಭವಾಗಿ ಔಷಧಿಗಳು ಮಲಗಿದ್ದನ್ನು ಕೊಲ್ಲಲಾರವು. ಸಾಮಾನ್ಯ ಕ್ಷಯಕ್ಕೂ 6 ತಿಂಗಳು ಮಾತ್ರೆ ಕೊಡುವುದಕ್ಕೆ ಇದೊಂದು ದೊಡ್ಡ ಕಾರಣ. ತೋಟದ ಲೈನ್ ಮನೆಗಳಲ್ಲಿ ಎಷ್ಟೋ ಜನ ಎರಡನೇ ತಿಂಗಳಿಗೆ ಕೆಮ್ಮು ನಿಂತಿತು, ಇನ್ನು ಸುಮ್ನೆ ಯಾಕೆ ಅಂತ ಬಿಡುತ್ತಾರೆ. ದಯವಿಟ್ಟು ಅವರಿಗೆ ಹೇಳಿ, ನಿಂತಿರುವುದು ಕೆಮ್ಮು ಮಾತ್ರ, ಒಳಗೆ ಇನ್ನೂ ಕೆಲವು ಮಲಗಿರಬಹುದು.