ಡೀಸೆಲ್ ಟ್ಯಾಂಕಿಗೆ ಬಾಟಲಿ ಸುರಿಯಬೇಕಾ? ಸಂಪಾಜೆ ಘಾಟಿಯ ಆ ದಿನದ ಕತೆ

ನಮಸ್ಕಾರ. ಬೆಳಿಗ್ಗೆ ಆರೂವರೆ, ಸುಂಟಿಕೊಪ್ಪದ ನಮ್ಮ ಮನೆ ಅಂಗಳ. ಕೇಳಿಸುತ್ತಿರುವುದು ಮಳೆ ಅಲ್ಲ, ಸಿಲ್ವರ್ ಮರದಿಂದ ಬೀಳುವ ಹನಿ. ಮಳೆ ರಾತ್ರಿಯೇ ನಿಂತಿದೆ. ಲಾರಿ ಕೆಳಗೆ ನುಗ್ಗಿ ನಾನು ಸಡಿಲ ಮಾಡುತ್ತಿರುವುದು ಡೀಸೆಲ್ ಫಿಲ್ಟರಿನ ಅಡಿಯ ಸ್ಕ್ರೂ. ಅದರ ವಿಷಯ ಆಮೇಲೆ.

ಮೊದಲು ಈ ಬಾಟಲಿ, ಡೀಸೆಲ್ಲಿಗೆ ಬೆರೆಸುವ ಅಡಿಟಿವ್. ಕಳೆದ ವಿಡಿಯೋದಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಇದು ಕಂಡಿತು ಅಂತ ತುಂಬ ಜನ ಕೇಳಿದ್ದೀರಿ, ಅಡಿಟಿವ್ ಹಾಕಿದರೆ ಮೈಲೇಜ್ ಜಾಸ್ತಿ ಬರುತ್ತಾ ಅಂತ. ಬರಲ್ಲ. ದುಡ್ಡು ದಂಡ. ಬಾಟಲಿಗೆ 480 ರೂಪಾಯಿ ಕೊಟ್ಟೆ, 60 ಲೀಟರಿಗೆ ಒಂದು ಬಾಟಲಿ. ಅಲ್ಲಿಗೆ ಲೀಟರಿಗೆ 8 ರೂಪಾಯಿ ಆಯಿತು. ಡೀಸೆಲ್ಲೇ 90 ದಾಟಿದೆ, ಅದರ ಮೇಲೆ ಇದು. ಲೀಟರಿಗೆ ಆರು ಕಿಲೋಮೀಟರ್ ಕೊಡುವ ನನ್ನ ಲಾರಿ ಆರೂವರೆ ಕೊಟ್ಟರೆ ಮಾತ್ರ ಈ ದುಡ್ಡು ಹುಟ್ಟುತ್ತದೆ. ಜನವರಿಯಲ್ಲಿ ಕಾಫಿ ಲೋಡ್ ಜೋರಾಗಿದ್ದಾಗ ಆರು ಟ್ಯಾಂಕ್ ಲೆಕ್ಕ ಬರೆದಿಟ್ಟೆ, ಒಂದೇ ಬಂಕು, ಪ್ರತಿ ಸಲ ಫುಲ್ ಟ್ಯಾಂಕ್. ಹಾಕದೆ ಬಂದದ್ದು 5.9, 6.2, 6.1. ಹಾಕಿದಾಗ 6.1, 6.0, 6.3. ಇಷ್ಟು ವ್ಯತ್ಯಾಸ ಟೈರಿನಲ್ಲಿ ಗಾಳಿ ಕಮ್ಮಿ ಇದ್ದರೂ ಬರುತ್ತದೆ, ಸಿದ್ದಾಪುರದಿಂದ ಕುಶಾಲನಗರದ ತನಕ ಬಸ್ಸಿನ ಹಿಂದೆ ಸಿಕ್ಕಿಕೊಂಡು ಸೆಕೆಂಡ್ ಗೇರಿನಲ್ಲಿ ತೆವಳಿದರೂ ಬರುತ್ತದೆ.

ಇನ್ನೊಂದು ಗೊತ್ತಿರಲಿ. ಬಂಕಿಗೆ ಬರುವ ಡೀಸೆಲ್ಲಿಗೆ ಮೊದಲೇ ಅಡಿಟಿವ್ ಸೇರಿರುತ್ತದೆ. 2020ರ ಏಪ್ರಿಲ್ 1ರಿಂದ ಬಿಎಸ್6, ಅಂದರೆ ಹೊಗೆ ಮಾಲಿನ್ಯದ ಹೊಸ ನಿಯಮ, ಬಂತಲ್ಲ, ಆವಾಗ ಗಂಧಕವನ್ನು 50 ಪಿಪಿಎಮ್‌ನಿಂದ, ಅಂದರೆ ಹತ್ತು ಲಕ್ಷಕ್ಕೆ 50 ಪಾಲಿನಿಂದ, 10ಕ್ಕೆ ಇಳಿಸಿದರು. ಗಂಧಕ ತೆಗೆಯುವಾಗ ಡೀಸೆಲ್ಲಿನ ಸಹಜ ಜಿಡ್ಡಿನ ಗುಣವೂ ಹೋಗಿಬಿಡುತ್ತದೆ. ಹಾಗಾಗಿ ಪಂಪು ಸವೆಯದ ಹಾಗೆ ಜಿಡ್ಡಿನ ಅಡಿಟಿವ್ ಸೇರಿಸಿಯೇ ಕಳಿಸುತ್ತಾರೆ. ಸೀಟೇನ್, ಅಂದರೆ ಡೀಸೆಲ್ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಅನ್ನುವ ಅಳತೆ, ಕೂಡ ಕನಿಷ್ಠ 51 ಇರಲೇಬೇಕು. ಅದು ಸರಿ ಇದ್ದರೆ ಚಳಿಯಲ್ಲಿ ಗಾಡಿ ಬೇಗ ಸ್ಟಾರ್ಟ್ ಆಗುತ್ತದೆ, ಸದ್ದು ಕಮ್ಮಿ. ಬಾಟಲಿ ಸುರಿದು ಅದನ್ನು ಇನ್ನೂ ಏರಿಸಿದರೆ ಘಾಟಿಯಲ್ಲಿ ಎಳೆಯುವ ಶಕ್ತಿ ಜಾಸ್ತಿಯಾಗುವುದಿಲ್ಲ.

ಸ್ಕ್ರೂ ಬಿಗಿಯಾಗಿದೆ, ಒಂದು ನಿಮಿಷ. ಅಷ್ಟರಲ್ಲಿ ಹೋದ ವರ್ಷ ಜುಲೈನಲ್ಲಿ ಆದದ್ದು ಹೇಳುತ್ತೇನೆ. ಮಂಗಳೂರಿನಿಂದ ಗೊಬ್ಬರದ ಲೋಡು. ಘಾಟಿ ಹತ್ತುವ ಮೊದಲು ಒಂದು ಬಂಕಿನಲ್ಲಿ 80 ಲೀಟರ್ ಹಾಕಿಸಿದೆ. ಸುರಿಯುವ ಮಳೆ, ಟ್ಯಾಂಕರ್ ಆಗಷ್ಟೇ ಅನ್‌ಲೋಡ್ ಮಾಡಿ ಹೊರಟಿತ್ತು. ನೆಲದಡಿಯ ಟ್ಯಾಂಕಿನ ನೀರು, ಕಸ ಎಲ್ಲ ಎದ್ದಿರುವ ಹೊತ್ತು ಅದು. ಆಗ ಹಾಕಿಸಲೇಬಾರದು. ನನಗೆ ಗೊತ್ತಿತ್ತು, ಕತ್ತಲಾಗುವ ಮೊದಲು ಮಡಿಕೇರಿ ಸೇರಬೇಕು ಅಂತ ಹಾಕಿಸಿಬಿಟ್ಟೆ. ಕೊಯನಾಡು ದಾಟುವ ತನಕ ಸರಿ ಇತ್ತು. ಆಮೇಲೆ ಗಾಡಿ ಜರ್ಕ್ ಹೊಡೆಯಲು ಶುರು, ಡೀಸೆಲ್ಲಿನಲ್ಲಿ ನೀರಿದೆ ಅಂತ ತೋರಿಸುವ ಲೈಟ್ ಬಂತು, ಜೋಡುಪಾಲದ ಹತ್ತಿರ ನಿಂತೇ ಹೋಯಿತು. ಜೋಡುಪಾಲ ಅಂದರೆ 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆಗಳು, ಜನ ಕೊಚ್ಚಿಹೋದ ಜಾಗ. ಅಂಥ ಮಳೆಯಲ್ಲಿ, ಫುಲ್ ಲೋಡಿನ ಗಾಡಿ ಇಟ್ಟುಕೊಂಡು, ಒಂದು ಕಡೆ ಗುಡ್ಡ ಇನ್ನೊಂದು ಕಡೆ ಕಣಿವೆ ಇರುವಲ್ಲಿ ನಿಲ್ಲುವುದು ಅಂದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ ಅಲ್ಲಿ ಓಡಾಡುವವರಿಗೆ ಗೊತ್ತು. ಚಕ್ರಕ್ಕೆ ಕಲ್ಲು ಕೊಟ್ಟು, ಫಿಲ್ಟರಿನ ಸ್ಕ್ರೂ ಬಿಚ್ಚಿ ಖಾಲಿ ಬಾಟಲಿ ಹಿಡಿದರೆ ಅದರಲ್ಲಿ ಮೂರರಲ್ಲೊಂದು ಪಾಲು ನೀರು.

ಅಲ್ಲಿಗೆ ಬಿಟ್ಟು ಟ್ಯಾಂಕ್ ಖಾಲಿ ಮಾಡಿಸಿದ್ದರೆ ಉಳಿಯುತ್ತಿದ್ದೆ. ಕ್ಯಾಬಿನ್ನಿನಲ್ಲಿ ಒಂದು ಅಡಿಟಿವ್ ಇತ್ತು, ನೀರಿನ ತೊಂದರೆ ಹೋಗುತ್ತದೆ ಅಂತ ಮೇಲೆ ಬರೆದಿತ್ತು, ಪೂರ್ತಿ ಸುರಿದೆ. ಲೈಟ್ ಆಫ್ ಆಯಿತು! ಗಾಡಿ ಸ್ಟಾರ್ಟ್ ಆಗಿ ಮಡಿಕೇರಿ ತಲುಪಿತು. ಮಾರನೇ ದಿನ ಸ್ಟಾರ್ಟ್ ಆಗಲಿಲ್ಲ.

ಮೆಕ್ಯಾನಿಕ್ ಕಾಕ ಬಂದು ನೋಡಿ ಒಂದೇ ಮಾತು ಹೇಳಿದರು, "ನೀರನ್ನು ಫಿಲ್ಟರ್ ತಡೆಯುತ್ತಿತ್ತು ಮೋನೇ, ನೀನು ಅದನ್ನು ಡೀಸೆಲ್ಲಿಗೇ ಕಲಸಿ ಒಳಗೆ ಕಳಿಸಿದ್ದೀ." ಈ ಬಾಟಲಿಗಳಲ್ಲಿ ಎರಡು ಜಾತಿ. ಒಂದು ನೀರನ್ನು ಬೇರೆ ಮಾಡಿ ಕೆಳಗೆ ಇಳಿಸುವುದು. ಇನ್ನೊಂದು ಸೋಪು ಎಣ್ಣೆಯನ್ನು ಕಲಸುವ ಹಾಗೆ ನೀರನ್ನು ಡೀಸೆಲ್ಲಿನಲ್ಲಿ ಕಲಸುವುದು. ಎರಡನೆಯದನ್ನು ಹಾಕಿದರೆ ನೀರು ಫಿಲ್ಟರ್ ದಾಟಿ, ಇಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರಿಗೆ ಹೋಗುತ್ತದೆ. ಕಾಮನ್ ರೈಲ್, ಅಂದರೆ ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹೋಗುವ ಗಾಡಿಯಲ್ಲಿ ಅಲ್ಲಿನ ಒತ್ತಡ 1,600 ಬಾರ್ ದಾಟುತ್ತದೆ. ಲಾರಿ ಟೈರಿನ ಗಾಳಿಯೇ ಸುಮಾರು 8 ಬಾರ್ ಅಷ್ಟೇ, ಲೆಕ್ಕ ಹಾಕಿ. ಆ ಒತ್ತಡದಲ್ಲಿ ಜಿಡ್ಡಿಲ್ಲದ ನೀರು ಹೋದರೆ ಏನಾಗಬೇಕು? ಎರಡು ಇಂಜೆಕ್ಟರ್, ಟ್ಯಾಂಕ್ ಕ್ಲೀನಿಂಗ್, ಫಿಲ್ಟರ್, ಕೂಲಿ ಎಲ್ಲ ಸೇರಿ 38,500 ರೂಪಾಯಿ. ಐದು ದಿನ ಗಾಡಿ ಓಡಲಿಲ್ಲ. ಅದರ ಬಾಡಿಗೆ ಹೋಯಿತು, ಬ್ಯಾಂಕಿನ ಕಂತು ಮಾತ್ರ ತಪ್ಪಲಿಲ್ಲ. ವಾರಂಟಿ ಕೇಳಿದರೆ ಪುಸ್ತಕದಲ್ಲೇ ಬರೆದಿದೆ ನೋಡಿ ಅಂದರು. ಹೌದು, ಹೊರಗಿನ ಅಡಿಟಿವ್ ಹಾಕಬಾರದು ಅಂತ ಸ್ಪಷ್ಟವಾಗಿ ಬರೆದಿದೆ. ನೀವೂ ಇವತ್ತೇ ನಿಮ್ಮ ಗಾಡಿಯ ಪುಸ್ತಕ ತೆಗೆದು ನೋಡಿ. ಬಂಕಿನ ಹೆಸರು ಕೇಳಬೇಡಿ, ಹೇಳುವುದಿಲ್ಲ. ನನ್ನ ಕೈಯಲ್ಲಿ ಬಿಲ್ ಇರಲಿಲ್ಲ. ಅವತ್ತಿನಿಂದ ಬಿಲ್ ಇಲ್ಲದೆ ಒಂದು ಲೀಟರ್ ಕೂಡ ಹಾಕಿಸಿಲ್ಲ.

ಚಿಕ್ಕಪ್ಪ ತಮ್ಮ ಹಳೆ ಟಾಟಾ 407 ಲಾರಿಗೆ, ಟ್ಯಾಂಕಿಗೆ ಇಷ್ಟು ಅಂತ, ಹಳೆ ಸ್ಕೂಟರಿನ ಪೆಟ್ರೋಲಿಗೆ ಬೆರೆಸುವ ಟೂಟಿ (2T) ಆಯಿಲ್ ಹಾಕುತ್ತಾರೆ. "ಮಗಾ, ಇಪ್ಪತ್ತು ವರ್ಷದಿಂದ ಪಂಪಿಗೆ ಕೈ ಹಾಕಿಲ್ಲ" ಅನ್ನುತ್ತಾರೆ. ಹಳೆ ಪಂಪಿಗೆ ಅದು ನಡೆದೀತು. ಬಿಎಸ್6 ಗಾಡಿಗೆ ಹಾಕಬೇಡಿ, ಸುಟ್ಟ ಆಯಿಲಿನ ಬೂದಿ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಆದ ಡಿಪಿಎಫ್‌ನಲ್ಲಿ ಕೂತರೆ ಸುಟ್ಟು ಹೋಗುವುದಿಲ್ಲ, ಅದನ್ನು ಬಿಚ್ಚಿಯೇ ತೆಗೆಸಬೇಕು. ಸೀಮೆಎಣ್ಣೆ ಅಂತೂ ಯಾವ ಗಾಡಿಗೂ ಬೇಡ, ಅದರಲ್ಲಿ ಜಿಡ್ಡು ತೀರಾ ಕಮ್ಮಿ.

ಹಾಂ, ಸ್ಕ್ರೂ ಬಂತು ನೋಡಿ. ಕೆಳಗೆ ಹಿಡಿದ ಖಾಲಿ ಬಾಟಲಿ ತುಂಬುವ ತನಕ ಇನ್ನೊಂದು ಮಾತು. ಎಲ್ಲ ದಂಡ ಅಂತ ಆಗ ಹೇಳಿದೆನಲ್ಲ, ಅದು ಪೂರ್ತಿ ಸರಿಯಲ್ಲ. ತೋಟದ ಜನರೇಟರ್ ಇದ್ದವರು ಕೇಳಿ. ಮಳೆಗಾಲದಲ್ಲಿ ಇಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬರಲ್ಲ, ಅದಕ್ಕೆ ಡ್ರಮ್ಮಿನಲ್ಲಿ ಡೀಸೆಲ್ ಇಟ್ಟಿರುತ್ತೀರಿ. ತಿಂಗಳುಗಟ್ಟಲೆ ಇಟ್ಟರೆ ತಳದ ನೀರಿಗೂ ಡೀಸೆಲ್ಲಿಗೂ ನಡುವೆ ಕಪ್ಪು ಲೋಳೆ ಕಟ್ಟುತ್ತದೆ. ಅದು ಜೀವ ಇರುವ ವಸ್ತು, ಬ್ಯಾಕ್ಟೀರಿಯಾ ಮತ್ತು ಬೂಸ್ಟು. ಅದನ್ನು ಸಾಯಿಸುವ ಅಡಿಟಿವ್ ಬರುತ್ತದೆ, ಅದಕ್ಕೆ ದುಡ್ಡು ಕೊಡಬಹುದು. ಆದರೆ ಮೊದಲು ತಳದ ನೀರು ತೆಗೆಯಿರಿ. ಸತ್ತ ಲೋಳೆ ಫಿಲ್ಟರ್ ಕಟ್ಟುತ್ತದೆ, ಹೊಸ ಫಿಲ್ಟರ್ ಕೈಯಲ್ಲಿರಲಿ. ಇಂಜೆಕ್ಟರ್ ಕ್ಲೀನರ್ ಕೂಡ ಹೊಗೆ ಸ್ವಲ್ಪ ಜಾಸ್ತಿಯಾದ ಹಳೆ ಗಾಡಿಗೆ ಒಂದು ಸಲ ಹಾಕಿ ನೋಡಬಹುದು. ಕೆಟ್ಟುಹೋದ ಇಂಜೆಕ್ಟರನ್ನು ಅದು ರಿಪೇರಿ ಮಾಡಲ್ಲ.

ಡೀಸೆಲ್ ಗಟ್ಟಿಯಾಗದ ಹಾಗೆ ಹಾಕುವ ಬಾಟಲಿ ನಮಗೆ ಬೇಡವೇ ಬೇಡ. ಅದು ಲಡಾಖಿನ ಚಳಿಯ ಸಮಸ್ಯೆ, ಅಲ್ಲಿಗೆ 2019ರಿಂದ ಬೇರೆ ಡೀಸೆಲ್ಲೇ ಕೊಡುತ್ತಿದ್ದಾರೆ. ಮಡಿಕೇರಿ ಚಳಿಗೆ ಡೀಸೆಲ್ ಹೆಪ್ಪುಗಟ್ಟಲ್ಲ. ಮತ್ತೆ ಯೂರಿಯಾ, ಅಂದರೆ ಹೊಗೆ ಶುದ್ಧ ಮಾಡಲು ಹಾಕುವ ಡಿಇಎಫ್, ಇಂಧನದ ಅಡಿಟಿವ್ ಅಲ್ಲ. ಅದು ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ನೀರು, ಹೋಗುವುದು ನೀಲಿ ಮುಚ್ಚಳದ ಟ್ಯಾಂಕಿಗೆ. ತಪ್ಪಿ ಡೀಸೆಲ್ ಟ್ಯಾಂಕಿಗೆ ಬಿದ್ದರೆ ಕೀ ತಿರುಗಿಸಬೇಡಿ, ಹಾಗೇ ನಿಲ್ಲಿಸಿ ಟ್ಯಾಂಕ್ ಇಳಿಸಿ.

480 ರೂಪಾಯಿಯನ್ನು ನಾಲ್ಕು ಸಲ ಕೂಡಿಟ್ಟರೆ ಒಳ್ಳೆ ಫಿಲ್ಟರ್ ಬರುತ್ತದೆ, ನಾನು ಈಗ ಅದನ್ನೇ ಮಾಡುತ್ತಿದ್ದೇನೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಈ ಸ್ಕ್ರೂ, ರಾತ್ರಿ ಫುಲ್ ಟ್ಯಾಂಕ್, ಮುಚ್ಚಳದ ರಬ್ಬರ್ ವಾಶರ್ ಚೆಕ್.

ಇಲ್ಲಿ ನೋಡಿ, ಬೆಳಕಿಗೆ ಹಿಡಿಯುತ್ತೇನೆ. ತಳದಲ್ಲಿ ಗೆರೆ ಕಾಣಿಸಿತಾ? ಅರ್ಧ ಬೆರಳು ನೀರು. ಹೋದ ವಾರ ಒಂದು ಹನಿಯೂ ಇರಲಿಲ್ಲ, ಮಧ್ಯೆ ಡೀಸೆಲ್ ಹಾಕಿಸಿದ್ದು ಒಂದೇ ಸಲ. ಈ ಸಲ ಬಿಲ್ ಇದೆ. ಬಾಟಲಿಯನ್ನೂ ಬಿಲ್ಲನ್ನೂ ತೆಗೆದುಕೊಂಡು ಈಗಲೇ ಬಂಕಿಗೆ ಹೋಗುತ್ತೇನೆ, ಕ್ಯಾಮೆರಾದ ಬ್ಯಾಟರಿ ಮುಗಿಯಿತು.