ಕೊರಿಯಾಕ್ಕೆ ಹೊರಡುವವರು ಮೊದಲು ಅಕ್ಷರ ಕಲಿಯಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ದಕ್ಷಿಣ ಕೊರಿಯಾದ ದೇಜಾನ್ ನಗರದಲ್ಲಿ ಆರು ವರ್ಷ ಸಂಶೋಧಕನಾಗಿ ಕೆಲಸ ಮಾಡಿ ನಾನು ಊರಿಗೆ ಮರಳಿದ್ದೇನೆ. ಅಂದಿನಿಂದ, ಅಲ್ಲಿಗೆ ಓದಲು ಅಥವಾ ಕೆಲಸಕ್ಕೆಂದು ಹೊರಟು ನಿಂತ ಮಕ್ಕಳನ್ನು ಜೊತೆಗೆ ಕರೆದುಕೊಂಡು ತಂದೆತಾಯಿಯರು ನಮ್ಮ ಮನೆಗೆ ಬರುತ್ತಿರುತ್ತಾರೆ. ಚಳಿ ಎಷ್ಟಿರುತ್ತದೆ, ಅಕ್ಕಿ ಬೇಳೆ ಸಿಗುತ್ತದೆಯೇ, ಮಾಂಸ ತಿನ್ನದವರು ಏನು ಮಾಡಬೇಕು, ಚಟ್ನಿಪುಡಿ ಎಷ್ಟು ಕಟ್ಟಿಕೊಡಬೇಕು ಎಂದು ಅವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಗಳೇ ಅವು. ಆದರೆ ಅವೆಲ್ಲಕ್ಕೂ ಮೊದಲು ನಾನು ಎಲ್ಲರಿಗೂ ಒಂದು ಮಾತು ಹೇಳುತ್ತೇನೆ, ಇಂದು ನಿಮಗೂ ಅದನ್ನೇ ಹೇಳಲು ಬಂದಿದ್ದೇನೆ. ವಿಮಾನ ಹತ್ತುವ ಮೊದಲು ಅಲ್ಲಿನ ಅಕ್ಷರಗಳನ್ನು ಕಲಿತುಕೊಳ್ಳಿ. ಭಾಷೆಯನ್ನಲ್ಲ, ಅಕ್ಷರಗಳನ್ನು. ಭಾಷೆ ಕಲಿಯಲು ವರ್ಷಗಳು ಬೇಕು; ಅಕ್ಷರ ಕಲಿಯಲು ಒಂದು ವಾರ ಸಾಕು.

ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಪ್ರಯೋಗಾಲಯದಲ್ಲಿ ಎಲ್ಲರೂ ಇಂಗ್ಲಿಷ್ ಮಾತನಾಡುತ್ತಾರೆ, ಫೋನಿನಲ್ಲಿ ಅನುವಾದದ ಸೌಕರ್ಯವಿದೆ, ಇನ್ನೇನು ಬೇಕು ಎಂದುಕೊಂಡೇ ನಾನು ಹೋಗಿದ್ದೆ. ಮೊದಲ ಮೂರು ತಿಂಗಳು ಹೇಗೋ ಕಳೆಯಿತು. ಜನವರಿಯ ಒಂದು ಶನಿವಾರ ಇಬ್ಬರು ಸಹೋದ್ಯೋಗಿಗಳನ್ನು ಮಧ್ಯಾಹ್ನದ ಊಟಕ್ಕೆ ಕರೆದಿದ್ದೆ. ಬೆಳಿಗ್ಗೆ ಬೇಳೆ ತೊಳೆದು ಕುಕ್ಕರಿಗೆ ಹಾಕಿ, ಅಕ್ಕಿ ತೊಳೆಯಲೆಂದು ನಲ್ಲಿ ತಿರುಗಿಸಿದರೆ ಅದು ಎರಡು ಬಾರಿ ಗೊರಗೊರ ಎಂದು ನಿಂತುಹೋಯಿತು. ಸ್ನಾನದ ಮನೆಯಲ್ಲೂ ನೀರಿಲ್ಲ. ಹೊರಗೆ ಹೆಪ್ಪುಗಟ್ಟುವ ಚಳಿಯಿದ್ದುದರಿಂದ ಕೊಳವೆಯೇ ಒಡೆದಿರಬೇಕೆಂದು ಗಾಬರಿಯಾಗಿ ಪಕ್ಕದ ಮನೆಯ ಗಂಟೆ ಒತ್ತಿದೆ.

ಬಾಗಿಲು ತೆರೆದವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಕೊರಿಯಾದ ಭಾಷೆಯಲ್ಲಿ ಅಜ್ಜಿಯನ್ನು ಹಲ್ಮೊನಿ ಎನ್ನುತ್ತಾರೆ. ಅಲ್ಲಿಯವರೆಗೆ ಲಿಫ್ಟಿನಲ್ಲಿ ಎದುರಾದಾಗ ತಲೆಬಾಗಿ ವಂದಿಸಿದ್ದನ್ನು ಬಿಟ್ಟರೆ ನಾನು ಅವರೊಂದಿಗೆ ಒಂದು ಮಾತೂ ಆಡಿರಲಿಲ್ಲ. ಕೈಯಲ್ಲಿದ್ದ ಖಾಲಿ ಪಾತ್ರೆಯನ್ನು ತೋರಿಸಿದೆ. ಅವರ ಬೆನ್ನ ಹಿಂದೆ, ಸ್ನಾನದ ಮನೆಯ ತೆರೆದ ಬಾಗಿಲಿನಿಂದ, ಇಟ್ಟಿಗೆ ಬಣ್ಣದ ದೊಡ್ಡ ರಬ್ಬರ್ ಬಾನಿಯೊಂದು ಕಾಣಿಸುತ್ತಿತ್ತು. ಚಳಿಗಾಲಕ್ಕೆ ಮುನ್ನ ಕಿಮ್ಚಿ ಎಂಬ ಅಲ್ಲಿನ ಉಪ್ಪಿನಕಾಯಿ ಹಾಕುವಾಗ ರಾಶಿ ರಾಶಿ ಎಲೆಕೋಸನ್ನು ಉಪ್ಪಿನಲ್ಲಿ ನೆನೆಸಲು ಅಲ್ಲಿನ ಹೆಂಗಸರು ಬಳಸುವ ಬಾನಿ ಅದು. ಅಂದು ಅದರಲ್ಲಿ ಅಂಚಿನ ತನಕ ನೀರು ತುಂಬಿತ್ತು. ನೀರು ನಿಲ್ಲುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು. ಇಡೀ ಕಟ್ಟಡಕ್ಕೇ ಗೊತ್ತಿತ್ತು, ನನ್ನೊಬ್ಬನಿಗೆ ಮಾತ್ರ ಗೊತ್ತಿರಲಿಲ್ಲ.

ಅವರು ಏನನ್ನೋ ಕೇಳಿದರು, ನನಗೆ ತಿಳಿಯಲಿಲ್ಲ. ಆಗ ಅವರು ಮನೆಯ ಚಪ್ಪಲಿಯಲ್ಲೇ ಹೊರಗೆ ಬಂದು, ನನ್ನ ಅಂಗಿಯ ತೋಳು ಹಿಡಿದು ಲಿಫ್ಟಿನವರೆಗೆ ಕರೆದುಕೊಂಡು ಹೋದರು. ಲಿಫ್ಟಿನ ಬಲಗಡೆಯ ಗೋಡೆಗೆ ಒಂದು ಬಿಳಿಯ ಹಾಳೆ ಅಂಟಿಸಿತ್ತು. ಅದನ್ನು ನಾನು ನಾಲ್ಕು ದಿನಗಳಿಂದ ದಿನಕ್ಕೆ ನಾಲ್ಕು ಸಲ ನೋಡುತ್ತಲೇ ಇದ್ದೆ. ನೋಡುತ್ತಿದ್ದೆ ಅಷ್ಟೇ, ಓದುತ್ತಿರಲಿಲ್ಲ. ಅದರ ಮೇಲೆ ಒಮ್ಮೆ ಫೋನ್ ಹಿಡಿಯಬೇಕೆಂದೂ ಹೊಳೆದಿರಲಿಲ್ಲ, ಏಕೆಂದರೆ ಅದು ನನಗೆ ಹೇಳುತ್ತಿರುವ ಮಾತೆಂದೇ ನನಗೆ ಅನಿಸಿರಲಿಲ್ಲ. ಅಕ್ಷರ ಬಾರದವನಿಗೆ ಊರಿನ ಗೋಡೆಗಳೆಲ್ಲ ಮೂಕ.

ಅಜ್ಜಿ ಹಾಳೆಯ ಮೊದಲ ಅಕ್ಷರದ ಮೇಲೆ ಬೆರಳಿಟ್ಟು, ನಿಧಾನವಾಗಿ, ಮಗುವಿಗೆ ಹೇಳಿಕೊಡುವಂತೆ "ಮುಲ್" ಎಂದರು. ಮತ್ತೆ ನನ್ನ ಪಾತ್ರೆಯನ್ನು ತಟ್ಟಿ "ಮುಲ್" ಎಂದರು. ಮುಲ್ ಎಂದರೆ ನೀರು. ಮೇಲೆ ಒಂದು ಪುಟ್ಟ ಚೌಕ; ಅದರ ಕೆಳಗೆ ಒಂದು ಅಡ್ಡಗೆರೆ, ಗೆರೆಯ ನಡುವಿನಿಂದ ಕೆಳಕ್ಕಿಳಿದ ಒಂದು ಮೋಟುಗೆರೆ; ಅದಕ್ಕೂ ಕೆಳಗೆ ಮಡಿಕೆ ಮಡಿಕೆಯಾಗಿ ಮಡಚಿದಂತಿರುವ ಇನ್ನೊಂದು ಗುರುತು. ಚೌಕ ಮಕಾರ, ನಡುವಿನದು ಉಕಾರ, ಅಡಿಯದು ಲಕಾರ. ವ್ಯಂಜನಕ್ಕೆ ಸ್ವರ ಸೇರಿಸಿ, ಅಡಿಯಲ್ಲಿ ಇನ್ನೊಂದು ವ್ಯಂಜನವಿಟ್ಟು ಒಂದೇ ಅಕ್ಷರವಾಗಿ ಬರೆಯುವುದು ಕಾಗುಣಿತವನ್ನೂ ಒತ್ತಕ್ಷರವನ್ನೂ ಬರೆದು ಬೆಳೆದ ಕನ್ನಡದ ಕೈಗೆ ಹೊಸತೇ ಅಲ್ಲ. ಆ ಕ್ಷಣದವರೆಗೆ ಕಡ್ಡಿ ಚೌಕಗಳ ರಾಶಿಯಾಗಿ ಕಂಡಿದ್ದ ಹಾಳೆಯಲ್ಲಿ ಒಂದು ಅಕ್ಷರ ತಾನಾಗಿ ಬಿಡಿಸಿಕೊಂಡು ನಿಂತಿತು.

ಅಜ್ಜಿ ಬೆರಳನ್ನು ಮುಂದಕ್ಕೆ ಸರಿಸಿ "ಥೆಂಗ್, ಖು" ಎಂದರು. ನಾನು ಅದನ್ನೇ ಎರಡು ಸಲ ಬಾಯಲ್ಲಿ ಹೇಳಿಕೊಂಡೆ. ಟ್ಯಾಂಕು! ಮುಲ್ ಥೆಂಗ್ಖು, ನೀರಿನ ಟ್ಯಾಂಕು. ಅಂದು ಕಟ್ಟಡದ ಟ್ಯಾಂಕು ತೊಳೆಯುವ ದಿನ. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ನೀರು ಇಲ್ಲ. ಗಂಟೆಯ ಅಂಕಿಗಳನ್ನು ನಾನೇ ಓದಿಕೊಂಡೆ, ಅವು ನಮ್ಮ ಶಾಲೆಯಲ್ಲಿ ಕಲಿತ ಅಂಕಿಗಳೇ ಆಗಿದ್ದವು. ಅಜ್ಜಿ ಎರಡು ಬಕೆಟ್ ನೀರು ಕೊಟ್ಟರು. ಅಂದಿನ ಅಡುಗೆ ಅದರಲ್ಲೇ ಆಯಿತು. ಸಂಜೆ ಬಕೆಟ್ ಹಿಂದಿರುಗಿಸಲು ಹೋದಾಗ ಅದರೊಳಗೆ ಒಂದು ಡಬ್ಬಿ ಚಿತ್ರಾನ್ನವನ್ನೂ ಇಟ್ಟೆ. ಆ ರಾತ್ರಿಯೇ ಒಂದು ನೋಟ್‌ಬುಕ್ ತೆಗೆದುಕೊಂಡು ಅಕ್ಷರ ತಿದ್ದಲು ಕುಳಿತೆ. ಐದನೆಯ ದಿನ ಕೆಲಸಕ್ಕೆ ಹೋಗುವ ಬಸ್ಸಿನ ಕಿಟಕಿಯಿಂದ ಅಂಗಡಿಗಳ ಹೆಸರುಗಳನ್ನು ತಪ್ಪುತಪ್ಪಾಗಿ ಓದುತ್ತಿದ್ದೆ.

ಐದು ದಿನಗಳಲ್ಲಿ ಅದು ಸಾಧ್ಯವಾದದ್ದು ನನ್ನ ಜಾಣತನದಿಂದಲ್ಲ, ಆ ಲಿಪಿಯನ್ನು ರೂಪಿಸಿದ ಬಗೆಯಿಂದ. ಅದರ ಹೆಸರು ಹಂಗುಲ್. ಅದನ್ನು ಮಾಡಿಸಿದವನು ಸೇಜೊಂಗ್ ಎಂಬ ರಾಜ. 1443ರಲ್ಲಿ, ಅಂದರೆ ಇತ್ತ ವಿಜಯನಗರದಲ್ಲಿ ಪ್ರೌಢದೇವರಾಯ ಆಳುತ್ತಿದ್ದಾಗ, ಲಿಪಿ ಸಿದ್ಧವಾಯಿತು. 1446ರಲ್ಲಿ ಪ್ರಜೆಗಳಿಗೆ ಪ್ರಕಟವಾಯಿತು. ಅಲ್ಲಿಯವರೆಗೆ ಕೊರಿಯಾದಲ್ಲಿ ಬರಹವೆಂದರೆ ಚೀನೀ ಲಿಪಿ. ಸಾವಿರಾರು ಚಿಹ್ನೆಗಳನ್ನು ಕಲಿಯುವಷ್ಟು ಬಿಡುವು ರೈತನಿಗಾಗಲಿ ಮನೆಗೆಲಸದ ಹೆಂಗಸಿಗಾಗಲಿ ಎಲ್ಲಿತ್ತು? ಹೊಸ ಲಿಪಿಯನ್ನು ವಿವರಿಸಿ ಅಂದಿನ ವಿದ್ವಾಂಸರು ಬರೆದ ಟೀಕೆಯ ಕೊನೆಯಲ್ಲಿ, ಜಾಣನು ಇದನ್ನು ಬೆಳಗು ಕಳೆಯುವುದರೊಳಗೆ ಕಲಿತಾನು, ಮಂದನೂ ಹತ್ತು ದಿನಗಳಲ್ಲಿ ಕಲಿತಾನು ಎಂಬ ಮಾತಿದೆ. ನಾನು ಅವರಿಬ್ಬರ ನಡುವೆ ನಿಂತೆ. ಕೊರಿಯಾದವರಿಗೆ ಈ ಲಿಪಿಯ ಮೇಲಿರುವ ಅಭಿಮಾನ ಎಷ್ಟೆಂದರೆ, ಪ್ರತಿ ವರ್ಷ ಅಕ್ಟೋಬರ್ 9ರಂದು ಅಕ್ಷರಗಳ ಹೆಸರಿನಲ್ಲಿಯೇ ದೇಶಕ್ಕೆ ರಜೆ.

ಮೂಲ ಅಕ್ಷರಗಳು 24 ಮಾತ್ರ. 14 ವ್ಯಂಜನ, 10 ಸ್ವರ. ವ್ಯಂಜನದ ಆಕಾರಗಳನ್ನು ಬಾಯಿಯ ಚಲನೆ ನೋಡಿಯೇ ಬರೆದಿದ್ದಾರೆ. ನಕಾರ ನುಡಿಯುವಾಗ ನಾಲಿಗೆಯ ತುದಿ ಮೇಲೆದ್ದು ಹಲ್ಲಿನ ಬುಡಕ್ಕೆ ತಾಗುತ್ತದಲ್ಲವೇ, ನಕಾರದ ಗುರುತು ಹಾಗೆ ಬಾಗಿ ಮೇಲೆದ್ದ ಒಂದು ಗೆರೆ. ಮಕಾರದ ಚೌಕ ಬಾಯಿಯ ಆಕಾರ. ಕಂಠ್ಯ, ದಂತ್ಯ, ಓಷ್ಠ್ಯ ಎಂದು ವರ್ಗ ಮಾಡಿ ವರ್ಣಮಾಲೆ ಒಪ್ಪಿಸಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಇನ್ನೂ ಒಂದು ಸೊಗಸಿದೆ. ನಾವು ದಕಾರದ, ಪಕಾರದ ಅಡಿಯಲ್ಲಿ ಒಂದು ಸಣ್ಣ ಗೆರೆ ಎಳೆದು ಮಹಾಪ್ರಾಣ ಮಾಡುತ್ತೇವೆ. ಅವರೂ ಕಕಾರಕ್ಕೆ ಒಂದು ಗೆರೆ ಹೆಚ್ಚಿಸಿ ಖಕಾರ ಮಾಡುತ್ತಾರೆ. ಇಂಗ್ಲಿಷ್ ಮಾತ್ರ ಬಲ್ಲ ನನ್ನ ಗೆಳೆಯರು ಇಲ್ಲಿ ತಿಂಗಳುಗಟ್ಟಲೆ ತಡವರಿಸುವುದನ್ನು ನೋಡಿದ್ದೇನೆ. ನೀವು ತಡವರಿಸುವುದಿಲ್ಲ.

ಅಕ್ಷರ ಬಂದರೇನು, ಅರ್ಥ ಗೊತ್ತಾಗಬೇಡವೇ ಎಂದು ಕೇಳುವವರಿದ್ದಾರೆ. ಅವರು ಟ್ಯಾಂಕಿನ ಕಥೆಯನ್ನು ಮತ್ತೊಮ್ಮೆ ನೆನಪಿಸಿಕೊಳ್ಳಬೇಕು. ಕೊರಿಯಾದ ಬೀದಿಯಲ್ಲಿ ಕಾಣುವ ಬಹಳಷ್ಟು ಮಾತುಗಳು ಇಂಗ್ಲಿಷಿನಿಂದ ಬಂದವು, ಅಂದರೆ ನಿಮಗೆ ಈಗಾಗಲೇ ಗೊತ್ತಿರುವವು. ಬಸ್ಸು ಅಲ್ಲಿ ಬೊಸು, ಕಾರ್ಡು ಖಾದು, ಟ್ಯಾಕ್ಸಿ ಥೆಕ್ಸಿ, ಅಪಾರ್ಟ್‌ಮೆಂಟು ಆಫಾಥು. ಪದದ ಕೊನೆಯಲ್ಲಿ ಸ್ವರವಿಲ್ಲದಿದ್ದರೆ ನಾವೂ ಒಂದು ಉಕಾರ ಹಚ್ಚಿಕೊಂಡು ಬಸ್ಸು, ಕಾರ್ಡು ಎನ್ನುತ್ತೇವೆ. ಅವರೂ ಅಂಥದೇ ಒಂದು ಸ್ವರ ಹಚ್ಚುತ್ತಾರೆ. ತುಟಿಗೆ ಹಲ್ಲು ತಾಗಿಸಿ ನುಡಿಯುವ ಇಂಗ್ಲಿಷಿನ ಧ್ವನಿ ಅವರಲ್ಲಿಲ್ಲ, ಆದ್ದರಿಂದ ಕಾಫಿ ಅಲ್ಲಿ ಖೊಪಿ. ಹಳೇ ಮೈಸೂರಿನ ಹಳ್ಳಿಗಳಲ್ಲಿ ಕಾಪಿ ಎನ್ನುವ ಹಿರಿಯರಿಗೆ ಅದು ಥಟ್ಟನೆ ತಿಳಿಯುತ್ತದೆ. ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿ. ಅರ್ಥ ಕಿವಿಗೆ ತಾನಾಗಿ ಬರುತ್ತದೆ.

ಫೋನಿನ ಕ್ಯಾಮೆರಾ ಹಿಡಿದರೆ ಅದೇ ಓದಿ ಹೇಳುತ್ತದೆ ಎಂಬುದು ಇನ್ನೊಂದು ಮಾತು. ಈ ಮಾತನ್ನು ಕೇಳಿ ಕೇಳಿ ನನಗೆ ಸ್ವಲ್ಪ ಬೇಸರವಾಗಿದೆ, ಕ್ಷಮಿಸಿ. ಕ್ಯಾಮೆರಾ ಎತ್ತುವುದು ಇಲ್ಲಿ ಓದಬೇಕಾದದ್ದು ಏನೋ ಇದೆ ಎಂದು ನಿಮಗೆ ಮೊದಲೇ ಅನಿಸಿದಾಗ ಮಾತ್ರ. ನಾಲ್ಕು ದಿನ ನಾನು ಆ ಹಾಳೆಯ ಮುಂದೆ ನಿಂತಿದ್ದಾಗ ನನ್ನ ಜೇಬಿನಲ್ಲಿ ಫೋನ್ ಇತ್ತು.

ಊಟದ ವಿಷಯಕ್ಕೆ ಬರೋಣ, ಏಕೆಂದರೆ ತಾಯಂದಿರ ಚಿಂತೆಯೆಲ್ಲ ಅಲ್ಲಿಯೇ ಇರುತ್ತದೆ. ಮಾಂಸ ತಿನ್ನದವರಿಗೆ ಅಕ್ಷರವೇ ಕಾವಲು. ಅವರ ಭಾಷೆಯಲ್ಲಿ ಮಾಂಸಕ್ಕೆ ಗೊಗಿ ಎನ್ನುತ್ತಾರೆ. ದನದ್ದು ಸ್ವೆಗೊಗಿ, ಹಂದಿಯದು ದ್ವೆಜಿಗೊಗಿ, ಕೋಳಿಯದು ದಕ್‌ಗೊಗಿ. ಪೊಟ್ಟಣದ ಹಿಂಬದಿಯಲ್ಲಿ ಗೊಗಿ ಎಂಬ ಎರಡಕ್ಷರ ಕಂಡರೆ ಅದನ್ನು ಕೆಳಗಿಡಿ. ಕಿಮ್ಚಿ ಬರೀ ತರಕಾರಿಯೆಂದು ಅನೇಕರು ತಿಳಿದಿರುತ್ತಾರೆ, ಆದರೆ ಸಾಮಾನ್ಯವಾಗಿ ಅದಕ್ಕೆ ಉಪ್ಪಿನಲ್ಲಿ ಕಳಿತ ಸೀಗಡಿ ಅಥವಾ ಸಣ್ಣ ಮೀನಿನ ರಸ ಬೆರೆಸಿರುತ್ತಾರೆ. ಅದರ ಗುರುತು ಜೊತ್ ಎಂಬ ಒಂದೇ ಅಕ್ಷರ. ಮೊದಲು ನೋಡಿಕೊಳ್ಳಬೇಕಾದವು ಇವು. ಬೌದ್ಧ ದೇಗುಲಗಳ ಅಡುಗೆಯಲ್ಲಿ ಮಾಂಸವೂ ಇಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಮಡಿಯ ಮನೆಗಳಿಂದ ಹೋದವರೂ ಅಲ್ಲಿ ನೆಮ್ಮದಿಯಾಗಿ ಊಟ ಮಾಡಬಹುದು.

ಕಸದ ವಿಷಯವನ್ನು ಬಿಡುವಂತಿಲ್ಲ, ಹೊಸಬರು ಮೊದಲು ಎಡವುವುದು ಅಲ್ಲಿಯೇ. 1995ರಿಂದ ಇಡೀ ದೇಶದಲ್ಲಿ ಮನೆಯ ಕಸಕ್ಕೆ ಅಳತೆಯ ಮೇಲೆ ಹಣ ಕೊಡಬೇಕು. ಅದಕ್ಕಾಗಿ ಅಂಗಡಿಯಲ್ಲಿ ಬೇರೆಯೇ ಚೀಲ ಕೊಳ್ಳಬೇಕು, ಚೀಲದ ಮೇಲೆ ನಗರದಲ್ಲಿ ನೀವಿರುವ ವಿಭಾಗದ ಹೆಸರು ಅಚ್ಚಾಗಿರಬೇಕು. ಆಹಾರದ ಕಸ ಬೇರೆ, ಕಾಗದ ಬೇರೆ, ಪ್ಲಾಸ್ಟಿಕ್ ಬೇರೆ. ನೀರಿನ ಬಾಟಲಿಯ ಮೇಲೆ ಹೆಸರಿನ ಪಟ್ಟಿ ಇದ್ದರೆ ಅದನ್ನು ಸುಲಿದೇ ಹಾಕಬೇಕು. ಮೊಟ್ಟೆಯ ಚಿಪ್ಪು, ಈರುಳ್ಳಿಯ ಒಣ ಸಿಪ್ಪೆ, ಸೋಸಿ ಉಳಿದ ಚಹಾಪುಡಿ ಇವು ಆಹಾರದ ಕಸವಲ್ಲ, ಏಕೆಂದರೆ ಪ್ರಾಣಿಗಳ ಮೇವಿಗೆ ಅವು ಬರುವುದಿಲ್ಲ. ಇದೆಲ್ಲ ತೊಟ್ಟಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ತಪ್ಪಿದರೆ ದಂಡವಿದೆ, ಅದಕ್ಕಿಂತ ಹೆಚ್ಚಾಗಿ, ನಿಮ್ಮ ಕಸವನ್ನು ಕಾವಲಿನ ಹಿರಿಯರು ಬರಿಗೈಯಲ್ಲಿ ಬೇರ್ಪಡಿಸುತ್ತಾ ನಿಂತಿರುವುದನ್ನು ಕಂಡಾಗ ಆಗುವ ಸಂಕಟ ದೊಡ್ಡದು.

ಹಿರಿಯರೊಂದಿಗೆ ಮಾತನಾಡುವ ರೀತಿಯ ಬಗ್ಗೆ ವಿವರವಾಗಿ ಹೇಳಬೇಕೆಂದಿದ್ದೆ, ಸಮಯ ಸಾಲದು. ಇಷ್ಟು ತಿಳಿದಿರಲಿ: ಅಲ್ಲಿಯೂ ಏಕವಚನ ಬಹುವಚನದಂಥ ಭೇದವಿದೆ, ನಮ್ಮಲ್ಲಿಗಿಂತ ಬಿಗಿಯಾಗಿದೆ, ಮತ್ತು ಕ್ರಿಯಾಪದ ನಮ್ಮ ಭಾಷೆಯಂತೆಯೇ ವಾಕ್ಯದ ಕೊನೆಗೆ ಬರುವುದರಿಂದ ಗೌರವವೂ ಅಲ್ಲಿಯೇ ಕೇಳಿಸುತ್ತದೆ. ಹಿರಿಯರಿಗೆ ಏನು ಕೊಡುವುದಿದ್ದರೂ ಎರಡು ಕೈಯಿಂದ ಕೊಡಿ. ಅಪ್ಪನಿಗೆ ಅಲ್ಲಿಯೂ ಅಪ್ಪ ಎಂದೇ ಕರೆಯುತ್ತಾರೆ. ಹೋಟೆಲಿನಲ್ಲಿ ಬಡಿಸುವ ಹೆಂಗಸನ್ನು ಇಮೊ ಎನ್ನುತ್ತಾರೆ, ಹಾಗೆಂದರೆ ತಾಯಿಯ ಸೋದರಿ. ಎದುರಾದವರನ್ನು "ಊಟ ಆಯಿತೇ" ಎಂದೇ ಮಾತನಾಡಿಸುತ್ತಾರೆ. ಆ ಪ್ರಶ್ನೆಯಲ್ಲಿ ಬರುವ ಬಾಪ್ ಎಂಬ ಮಾತಿಗೆ ಅನ್ನ ಎಂಬ ಅರ್ಥವೂ ಇದೆ, ಊಟ ಎಂಬ ಅರ್ಥವೂ ಇದೆ. ಸಂತೆಗೂ ತಪ್ಪದೆ ಹೋಗಿ. ದೇಜಾನಿನ ಯೂಸಾಂಗ್ ಸಂತೆ ಐದು ದಿನಕ್ಕೊಮ್ಮೆ, 4 ಮತ್ತು 9ರಲ್ಲಿ ಕೊನೆಯಾಗುವ ತಾರೀಕುಗಳಂದು ಸೇರುತ್ತದೆ. ರಟ್ಟಿನ ತುಂಡಿನ ಮೇಲೆ ಕೈಬರಹದಲ್ಲಿ ಬರೆದ ಸೊಪ್ಪಿನ ಹೆಸರುಗಳನ್ನು ಅಲ್ಲಿ ಓದಿ ನೋಡಿ. ತಪ್ಪಾದರೆ ಮಾರುವ ಅಜ್ಜಿಯರೇ ತಿದ್ದುತ್ತಾರೆ.

ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಹೊಸ ಅವಧಿ ಮಾರ್ಚಿನಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ ಆರಂಭವಾಗುತ್ತದೆ. ಹೊರಡುವ ದಿನ ಯಾವುದೇ ಇರಲಿ, ಅದಕ್ಕೆ ಒಂದು ತಿಂಗಳ ಮೊದಲು ಮನೆಯಲ್ಲಿ ಗೆರೆ ಹಾಕಿದ ಒಂದು ಪುಸ್ತಕ ತೆಗೆದಿಡಿ. ದಿನಕ್ಕೆ ನಾಲ್ಕು ಅಕ್ಷರ ತಿದ್ದಿದರೆ 24 ಅಕ್ಷರಗಳಿಗೆ ಆರು ದಿನ. ಏಳನೆಯ ದಿನ ನಿಮ್ಮ ಹೆಸರನ್ನೂ, ಅಪ್ಪ ಅಮ್ಮಂದಿರ ಹೆಸರನ್ನೂ ಆ ಅಕ್ಷರಗಳಲ್ಲಿ ಬರೆದು, ಅವರಿಗೇ ಓದಿ ತೋರಿಸಿ.

ನಮಸ್ಕಾರ.