ಕಂಡಿಯಲ್ಲಿ ಕಾಣುವ ಚಲನೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಇವತ್ತು ಮನೆಯಲ್ಲೇ ಮಾಡಿ ನೋಡುವಂಥ ಒಂದು ಪ್ರಯೋಗ. ಬಿಳಿ ಹಾಳೆಯ ತುಂಬ 1 ಸೆಂಟಿಮೀಟರ್ ಅಂತರದಲ್ಲಿ ಓರೆಗೆರೆ ಎಳೆಯಿರಿ. ಎಡತುದಿ ಕೆಳಗೆ, ಬಲತುದಿ ಮೇಲೆ, ಓರೆ 45 ಡಿಗ್ರಿ. ಹಾಳೆಗಿಂತ ಎರಡು ಪಟ್ಟು ಅಗಲದ ಎರಡು ರಟ್ಟು ಬೇಕು. ಒಂದರಲ್ಲಿ 3 ಸೆಂಟಿಮೀಟರಿನ ದುಂಡು ಕಂಡಿ, ಇನ್ನೊಂದರಲ್ಲಿ 2 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಉದ್ದದ ಕಂಡಿ ಕೊರೆಯಿರಿ. ರಟ್ಟಿನ ಹಿಂದೆ ಒಬ್ಬರು ಹಾಳೆಯನ್ನು ನಿಮ್ಮ ಎಡದಿಂದ ಬಲಕ್ಕೆ ಒಂದೇ ಸಮನೆ ಎಳೆಯಲಿ.

ದುಂಡು ಕಂಡಿಯಲ್ಲಿ ಗೆರೆಗಳು ಓರೆಯಾಗಿ ಬಲಕ್ಕೂ ಕೆಳಕ್ಕೂ ಸರಿಯುತ್ತವೆ. ಉದ್ದ ಕಂಡಿಯನ್ನು ನೆಟ್ಟಗೆ ಹಿಡಿದರೆ ಕೆಳಗಿಳಿಯುತ್ತವೆ, ಅಡ್ಡ ಹಿಡಿದರೆ ಬಲಕ್ಕೆ ಓಡುತ್ತವೆ. ಹಾಳೆ ಮಾತ್ರ ಪ್ರತಿ ಸಲವೂ ಬಲಕ್ಕೇ ಸರಿದಿದೆ!

ತುದಿ ಕಾಣದ ಗೆರೆ ತನ್ನುದ್ದಕ್ಕೆ ಎಷ್ಟು ಜಾರಿದರೂ ಕಣ್ಣಿಗೆ ಗೊತ್ತಾಗದು. ಅಡ್ಡಕ್ಕೆ ಸರಿದಷ್ಟೇ ತಿಳಿಯುತ್ತದೆ. ಮಿದುಳಿನ ಹಿಂಭಾಗದಲ್ಲಿ ನೋಟವನ್ನು ಮೊದಲು ಪಡೆಯುವ ಒಂದೊಂದು ನರಕೋಶಕ್ಕೂ ಕಾಣುವುದು ಇಂಥದೇ ಸಣ್ಣ ಕಂಡಿಯಷ್ಟು ಜಗತ್ತು. ಆ ಬಿಡಿ ಸುದ್ದಿಗಳನ್ನು ಕೂಡಿಸುವುದು ಎಂ.ಟಿ. ಎಂಬ ಭಾಗ. ಕೋತಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಲ್ಲಿನ ಕೋಶಗಳು ಮೊದಲು ಗೆರೆಗೆ ಲಂಬವಾದ ದಿಕ್ಕನ್ನೇ ಹಿಡಿದು, ಸುಮಾರು 60 ಮಿಲಿಸೆಕೆಂಡಿನಲ್ಲಿ ನಿಜವಾದ ದಿಕ್ಕಿಗೆ ಹೊರಳಿದವು. ಹೊರಳಲು ಆಧಾರ ಗೆರೆಯ ತುದಿಗಳು. ಕಂಡಿಯ ಅಂಚು ಗೆರೆಯನ್ನು ಮರೆಮಾಡುವಲ್ಲೂ ತುದಿಯಂತೆ ಕಾಣುತ್ತದೆ. ಉದ್ದ ಕಂಡಿಯಲ್ಲಿ ಇಂಥ ಬಹುಪಾಲು ತುದಿಗಳು ಉದ್ದನೆಯ ಅಂಚಿನಗುಂಟ ಜಾರುವುದರಿಂದ ಮಿದುಳು ಅವನ್ನೇ ನಂಬುತ್ತದೆ. ಇದನ್ನು ಕಣ್ಣಿನ ಮೋಸ ಅನ್ನುವುದು ಸರಿಯಲ್ಲ. ಸಿಕ್ಕಷ್ಟು ಸಾಕ್ಷಿಗೆ ಅದು ನ್ಯಾಯವಾದ ತೀರ್ಪೇ.

ಹಾಳೆಯ ಅಂಚು ಕಂಡರೆ, ಒಂದೇ ಒಂದು ಮಸಿಚುಕ್ಕೆ ಬಿದ್ದಿದ್ದರೂ, ಪ್ರಯೋಗ ಕೆಡುತ್ತದೆ. ಚೌಕಡಿ ಇಳಕಲ್ ಸೀರೆಯೂ ಇದಕ್ಕೆ ಒದಗದು. ಗೆರೆಗಳು ಕೂಡುವ ಮೂಲೆಗಳೇ ನಿಜವಾದ ದಿಕ್ಕನ್ನು ತೋರಿಸಿಬಿಡುತ್ತವೆ.

ಸವದತ್ತಿ ಕಡೆಯ ಗಾಳಿಯಂತ್ರಗಳಲ್ಲಿ ಇನ್ನೊಂದು ಬಗೆಯ ಗೊಂದಲವಿದೆ. ಇಳಿಸಂಜೆ ದೂರದಿಂದ, ಸ್ವಲ್ಪ ಪಕ್ಕದಿಂದ ನೋಡಿದಾಗ ಬರೀ ಕಪ್ಪು ಆಕಾರ ಕಾಣುತ್ತದೆ. ಮುಂಬದಿ ಯಾವುದು, ಹಿಂಬದಿ ಯಾವುದು ತಿಳಿಯದು. ಮಿದುಳು ಮುಂಬದಿಯನ್ನು ಹಿಂಬದಿಯೆಂದು ಬಗೆದ ಕ್ಷಣ ರೆಕ್ಕೆಗಳು ಉಲ್ಟಾ ತಿರುಗಿದಂತೆ ಕಾಣುತ್ತವೆ. ಜರ್ಮನಿಯ ಸಿನ್‌ಸ್ಟೆಡನ್ 1860ರಲ್ಲೇ ಇದನ್ನು ಬರೆದಿಟ್ಟರು. ನಿಜ ಯಾವುದೆಂದು ತಿಳಿಯಲು ಗಾಳಿಯ ದಿಕ್ಕು ನೋಡಿ. ಗಾಳಿ ಬರುವ ಕಡೆಯಿಂದ ನೋಡಿದರೆ ಇಂದಿನ ಬಹುತೇಕ ಯಂತ್ರಗಳು ಗಡಿಯಾರದ ಮುಳ್ಳಿನಂತೆ ತಿರುಗುತ್ತವೆ. ಮುಂಗಾರಿನಲ್ಲಿ ನಮಗೆ ಗಾಳಿ ಪಡುವಣದಿಂದ, ಹಾಗಾಗಿ ಯಂತ್ರಗಳ ಮೂಡಣ ಬದಿಯಲ್ಲಿ ನಿಂತು ನೋಡುವವರಿಗೆ ಅವು ಮುಳ್ಳಿಗೆ ಎದುರಾಗಿ ತಿರುಗುವುದೇ ಸರಿ.

ನಮಸ್ಕಾರ.